ಕ್ಯಾಂಪೇನ್ ಮುಗಿಯಿತು, ಆಡಿದ ಎಲ್ಲರಿಗೂ ಥ್ಯಾಂಕ್ಸ್

ಕಳೆದ ಭಾನುವಾರ ದಾವಣಗೆರೆಯಲ್ಲಿ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡಿದ ಒಂದೇ ಉದ್ದ ಕಥೆ, ಮುಗಿಯಿತು. ಒಂದನೇ ಲೆವೆಲ್‌ನಲ್ಲಿ ಶುರು ಮಾಡಿದವರು ಹತ್ತನೇ ಲೆವೆಲ್‌ವರೆಗೂ ಬಂದರು, ಒಬ್ಬರೂ ಮಧ್ಯದಲ್ಲಿ ಬಿಟ್ಟು ಹೋಗಲಿಲ್ಲ. ಅದು ಎಷ್ಟು ಅಪರೂಪ ಅಂತ ಈ ಆಟ ಆಡಿದವರಿಗೆ ಗೊತ್ತು. ಅದಕ್ಕೇ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಇದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟ. ಡಂಜನ್ ಮಾಸ್ಟರ್ ಆದವರು (ನಮ್ಮಲ್ಲಿ ಅದು ನಾನು) ಕಥೆಯ ಲೋಕ ಕಟ್ಟಿ ಕೊಡುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು 'ನಾನು ಹೀಗೆ ಮಾಡ್ತೀನಿ' ಅನ್ನುತ್ತಾರೆ, ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ 20 ಮುಖದ ದಾಳ ಉರುಳಿಸುತ್ತಾರೆ. ಕಪ್, ಬಹುಮಾನ ಏನೂ ಇಲ್ಲ. ಹಾಗಿದ್ದ ಮೇಲೆ ಮುಂದಿನ ವಾರ ಯಾಕೆ ಬರಬೇಕು? ಲೆವೆಲ್ ಏರುತ್ತೆ, ಮಾಯದ ಕತ್ತಿ ಸಿಗುತ್ತೆ ಅಂತ ಸ್ವಲ್ಪ ದಿನ ಬರಬಹುದು. ತಾವು ಮಾಡಿದ್ದು ಆ ಲೋಕದಲ್ಲಿ ಉಳಿಯುತ್ತೆ ಅಂತ ಗೊತ್ತಾದರೆ ಮಾತ್ರ ಕೊನೆವರೆಗೂ ಬರುತ್ತಾರೆ. ಇದನ್ನು ನನಗೆ ತೋರಿಸಿಕೊಟ್ಟವರು ನೀವೇ.

ಕೋಟೆಯ ಆ ಸೆಷನ್ ನೆನಪಿದೆಯಲ್ವಾ? ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಬರೆದಿದ್ದೆ. ಬಾಗಿಲುಗಳು ಸುಲಭಕ್ಕೆ ನೇರ ಸಿಗದ ಹಾಗೆ ತಿರುವು, ಬಂಡೆಗಳ ನಡುವೆ ಹೊಂಡ, ಮೇಲೆ ಬತೇರಿ. ಒಬ್ಬ ಸೇನಾಪತಿಯ ಸಂಬಳಕ್ಕೆ ಕೋಟೆ ಹಿಡಿಯೋಕೆ ಬಂದವರು ನೀವು, ಹೆಬ್ಬಾಗಿಲಲ್ಲೇ ದೊಡ್ಡ ಯುದ್ಧ ಅಂದುಕೊಂಡಿದ್ದೆ. ರೋಗ್, ಅಂದರೆ ಚಾಲಾಕಿ ಕಳ್ಳಿಯ ಪಾತ್ರ, ಆಡುತ್ತಿದ್ದವಳು ಮಾತ್ರ "ಅಣ್ಣ, ಇಷ್ಟು ದೊಡ್ಡ ಕೋಟೆಗೆ ಒಂದು ಕಿಂಡಿ ಇರಲೇಬೇಕು" ಅಂದಳು. ದಾಳ 19 ಬಿತ್ತು, ಕಿಂಡಿ ಸಿಕ್ಕಿತು. ಒಬ್ಬೊಬ್ಬರಾಗಿ ತೆವಳಿಕೊಂಡು ಒಳಗೆ ಹೊರಟಿರಿ. ಆ ಕಡೆ ನೀರಿಗೆ ಬಂದ ಒಬ್ಬ ಹೆಂಗಸು ನಿಂತಿದ್ದಾಳೆ, ಕೈಯಲ್ಲಿ ಒನಕೆ ಇದೆ ಅಂತ ನಾನು ಹೇಳಿದ್ದೇ ತಡ, ಎಲ್ಲರೂ ಸುಮ್ಮನಾದಿರಿ. ಆಮೇಲೆ ನಮ್ಮ ಬಾರ್ಡ್ (ಹಾಡುಗಾರನ ಪಾತ್ರ ಆಡುತ್ತಿದ್ದವನು), "ಅಯ್ಯೋ, ನಾವು ಹೈದರಾಲಿ ಕಡೆಯವರಾಗಿಬಿಟ್ವಲ್ಲ" ಅಂದ. ಓಬವ್ವನ ಕಥೆ ಕೇಳಿ ಬೆಳೆದವರಿಗೆ ಅಲ್ಲಿಂದ ಮುಂದೆ ತೆವಳೋಕೆ ಮನಸ್ಸಾದರೂ ಹೇಗೆ ಬಂದೀತು. ಆಯುಧ ಕೆಳಗಿಟ್ಟಿರಿ, ಸಂಬಳ ಕೊಡುತ್ತಿದ್ದ ಸೇನಾಪತಿಯನ್ನು ಬಿಟ್ಟು ಕೋಟೆಯವರ ಕಡೆ ಸೇರಿದಿರಿ. ನಾನು ಬರೆದಿಟ್ಟಿದ್ದ ಅರ್ಧ ಕಥೆ ಅಲ್ಲೇ ಬಿದ್ದುಹೋಯಿತು, ನನಗೆ ಅಷ್ಟು ಖುಷಿ ಇನ್ಯಾವ ಸೆಷನ್‌ನಲ್ಲೂ ಆಗಿಲ್ಲ. ಕೊನೆಯ ಯುದ್ಧದಲ್ಲಿ ನಿಮ್ಮನ್ನು ಕಾಪಾಡಿದ್ದು ಅದೇ ಹೆಂಗಸು, ನೀವು ಅವತ್ತು ಅವಳನ್ನು ಉಳಿಸಿದ್ದಕ್ಕೆ.

ನಡುವೆ ಕಷ್ಟದ ದಿನಗಳೂ ಬಂದವು. ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬಳಿಗೆ ಸೆಮಿಸ್ಟರ್ ಪರೀಕ್ಷೆ, ನಮ್ಮ ಕ್ಲೆರಿಕ್ (ದೇವರ ಶಕ್ತಿಯಿಂದ ಗಾಯ ವಾಸಿ ಮಾಡುವ ಪಾತ್ರ) ಆಡುತ್ತಿದ್ದ ಅಕ್ಕ ತಂದೆಯ ಜೊತೆ ಆಸ್ಪತ್ರೆಯಲ್ಲಿದ್ದರು. ಆಟ ನಿಂತೇ ಹೋಗುತ್ತೆ ಅಂತ ನನಗೆ ನಿಜಕ್ಕೂ ಭಯವಾಗಿತ್ತು. ಆಗ ಅಕ್ಕನ ಪಾತ್ರವನ್ನು ಸಾಯಿಸಬೇಡಿ, ದೇವಸ್ಥಾನದಲ್ಲಿ ಗಾಯಾಳುಗಳನ್ನು ನೋಡಿಕೊಳ್ತಿದ್ದಾಳೆ ಅಂತ ಇಡಿ ಅಂದವರು ನೀವು. ವಾಪಸ್ ಬಂದಾಗ ಅವರ ಲೆವೆಲ್ ಕೂಡ ಉಳಿದವರಷ್ಟೇ ಇರಬೇಕು ಅಂತ ಹಟ ಹಿಡಿದವರೂ ನೀವೇ. ಈ ಆಟದ ಐದನೇ ಆವೃತ್ತಿಯ 2014ರ ನಿಯಮಪುಸ್ತಕದಲ್ಲಿ ಇನ್‌ಸ್ಪಿರೇಷನ್ ಅಂತ ಒಂದು ನಿಯಮ ಇದೆ, ಚೆನ್ನಾಗಿ ಪಾತ್ರ ಮಾಡಿದವರಿಗೆ ಮಾಸ್ಟರ್ ಅದನ್ನು ಕೊಡಬಹುದು, ಬೇಕಾದಾಗ ಬಳಸಿ ಎರಡು ದಾಳ ಉರುಳಿಸಿ ಜಾಸ್ತಿ ಬಿದ್ದದ್ದನ್ನು ಇಟ್ಟುಕೊಳ್ಳಬಹುದು. ಅದನ್ನು ಯಾರಿಗೆ ಕೊಡಬೇಕು ಅಂತ ನೀವೇ ಒಬ್ಬರಿಗೊಬ್ಬರು ಹೇಳೋಕೆ ಶುರು ಮಾಡಿದಿರಿ. ಅಲ್ಲಿಂದ ಬೇರೆಯವರ ಸರದಿಯಲ್ಲಿ ಯಾರೂ ಫೋನ್ ನೋಡಲಿಲ್ಲ.

ಪ್ರತಿ ಸಲ ನಡುಮನೆ ಬಿಟ್ಟುಕೊಟ್ಟು, ಮಂಡಕ್ಕಿ ಮಿರ್ಚಿ ಮಾಡಿಕೊಟ್ಟ ಬಾರ್ಡ್‌ನ ಅಮ್ಮನಿಗೆ ವಿಶೇಷ ಥ್ಯಾಂಕ್ಸ್. ಅಮ್ಮ, ನಿಮ್ಮ ಮನೆ ಇಲ್ಲದಿದ್ದರೆ ಈ ಆಟ ಶುರುವೇ ಆಗುತ್ತಿರಲಿಲ್ಲ.

ಮುಂದಿನ ಕ್ಯಾಂಪೇನ್ ಕ್ಲೆರಿಕ್ ಅಕ್ಕ ನಡೆಸುತ್ತಾರೆ. ನಾನು ಆಟಗಾರನಾಗಿ ಕೂರ್ತೀನಿ, ನನ್ನ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಈಗಾಗಲೇ ತುಂಬಿಸಿ ಅವರಿಗೆ ಕಳಿಸಿದ್ದೇನೆ.