ಬಾಡಿಗೆ ಬಾಕಿಗಾಗಿ ಇನ್ನು ಸರಕು ತಡೆಯುವುದಿಲ್ಲ

ಮಾನ್ಯ ಗ್ರಾಹಕರೇ,

ನಮ್ಮಲ್ಲಿ ಕೊಂಡು ನಮ್ಮ ಗೋದಾಮಿನಲ್ಲೇ ಇರಿಸಿದ ಸಿಮೆಂಟು, ಸರಳಿನಂಥ ಸರಕಿನ ಹಣವನ್ನು ಪೂರ್ತಿ ಕೊಟ್ಟವರನ್ನೂ ‘ಗೋದಾಮಿನ ಬಾಡಿಗೆ ಬಾಕಿ ಇದೆ’ ಎಂದು ನಾವು ಗೇಟಿನಲ್ಲಿ ನಿಲ್ಲಿಸಿದ್ದುಂಟು. ಲಾರಿ, ಹಮಾಲರ ಸಮೇತ ಬಂದು ಬರಿದೇ ಹಿಂದಿರುಗಿದವರು ನಿಮ್ಮಲ್ಲೂ ಇದ್ದೀರಿ. ಬರುವ ತಿಂಗಳ 1ರಿಂದ ಈ ಪದ್ಧತಿ ಇರುವುದಿಲ್ಲ.

ಹಾಗೆ ತಡೆಯುವ ಅಧಿಕಾರ ನಿಮಗೆ ಎಲ್ಲಿಂದ ಬಂತು ಎಂದು ಗುತ್ತಿಗೆದಾರರೊಬ್ಬರು ನೇರವಾಗಿ ಕೇಳಿದರು. ಉತ್ತರಕ್ಕಾಗಿ ನಾವು ವಕೀಲರ ಬಳಿ ಹೋಗಬೇಕಾಯಿತು. ಅಲ್ಲಿ ಸಿಕ್ಕಿದ್ದು ನಮಗೆ ಹಿತವಾದ ಉತ್ತರವೇನಲ್ಲ.

1930ರ ಸರಕು ಮಾರಾಟ ಕಾಯ್ದೆಯ 47ನೇ ಸೆಕ್ಷನ್ ಹಣ ಬಾರದ ಮಾರಾಟಗಾರನಿಗೆ ತನ್ನ ವಶದಲ್ಲಿರುವ ಸರಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕೊಡುತ್ತದೆ. ಇದನ್ನೇ ‘ಲೀನ್’ ಎನ್ನುವುದು. ಆದರೆ ಅದು ಆ ಸರಕಿನ ಬೆಲೆಗೆ ಮಾತ್ರ. ಬೆಲೆ ಸಂದಾಯವಾದ ಗಳಿಗೆಯಲ್ಲೇ ಆ ಹಕ್ಕು ಮುಗಿಯಿತು. ಬಾಡಿಗೆಗೆ ಅದನ್ನು ಎಳೆದು ಹಿಗ್ಗಿಸಲಾಗದು. ಹಿಂದಿನ ಬೇರೆ ಬಿಲ್ಲಿನ ಬಾಕಿಗೂ ಅಷ್ಟೇ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ನೆರವಿಗೆ ಬಂದೀತೆಂದು ನೋಡಿದೆವು. ಅದು ವಸ್ತುವಿನ ಮೇಲೆ ದುಡಿಮೆ ಅಥವಾ ಕೌಶಲ ವ್ಯಯಿಸಿದವನಿಗೆ ಸಲ್ಲುವ ಹಕ್ಕು. ಸರಳುಗಳನ್ನು ಜೋಡಿಸಿಟ್ಟು ಕಾಯ್ದದ್ದನ್ನು ಕೌಶಲ ಎಂದು ಹೇಳಿಕೊಳ್ಳಲು ನಮಗೇ ಸಂಕೋಚ. ಬಾಡಿಗೆಗೂ ಸರಕು ತಡೆಯಬಹುದೆಂದು ಕರಾರಿನಲ್ಲೇ ಬರೆಸಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ನಾವು ಬರೆಸಿಕೊಂಡಿರಲಿಲ್ಲ, ಇನ್ನು ಮುಂದೆಯೂ ಬರೆಸಿಕೊಳ್ಳುವುದಿಲ್ಲ.

ಹಾಗೆಂದು ಬಾಡಿಗೆ ಮನ್ನಾ ಆಗಿಲ್ಲ. ಸರಕು ಸಿದ್ಧವಾಗಿದೆ, ಒಯ್ಯಿರಿ ಎಂದು ತಿಳಿಸಿದ ಮೇಲೂ ಸಕಾಲದಲ್ಲಿ ಒಯ್ಯದಿದ್ದರೆ, ಅದನ್ನು ಕಾಪಾಡಿದ ನ್ಯಾಯವಾದ ವೆಚ್ಚವನ್ನು ಖರೀದಿದಾರ ಕೊಡಬೇಕು ಎಂದು ಅದೇ 1930ರ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತದೆ. ಆ ಹಣ ನಮಗೆ ಬರಬೇಕಾದದ್ದೇ. ಅದಕ್ಕಾಗಿ ನಿಮ್ಮ ಸರಕನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ಅಷ್ಟೆ. ಆದ್ದರಿಂದ ಸರಕು ಸಿದ್ಧವಾದ ದಿನವೇ ಲಿಖಿತ ಸೂಚನೆ ಕಳಿಸುತ್ತೇವೆ. ಅಲ್ಲಿಂದ 15 ದಿನ ಬಾಡಿಗೆ ಇಲ್ಲ. ನಂತರದ ದಿನಗಳಿಗೆ ಆರ್ಡರ್ ನಮೂನೆಯಲ್ಲಿ ನೀವು ಸಹಿ ಮಾಡಿದ ದರದಂತೆ ಪ್ರತ್ಯೇಕ ಬಿಲ್ ಬರುತ್ತದೆ. ದಯವಿಟ್ಟು ದರ ಓದಿ ಸಹಿ ಮಾಡಿ.

ಸರಕಿನ ಬೆಲೆಯೇ ಬಾಕಿಯಿದ್ದರೆ ಮಾತ್ರ ಹಳೆಯ ನಿಯಮ ಮುಂದುವರಿಯುತ್ತದೆ: ಹಣ ಬರುವವರೆಗೆ ಸರಕು ಹೊರಡದು. ಅರ್ಧ ಲೋಡು ಹೋಗಿದ್ದರೂ ಉಳಿದರ್ಧವನ್ನು ತಡೆಯುವ ಹಕ್ಕು ನಮಗಿದೆ. ಕೊನೆಗೆ ಬೇರೆಯವರಿಗೆ ಮಾರಲೇಬೇಕಾಗಿ ಬಂದರೆ ಮೊದಲು ನಿಮಗೆ ನೋಟಿಸು ಕೊಟ್ಟು, ಹಣ ಕಟ್ಟಲು ಸಮಯ ಕೊಡುತ್ತೇವೆ. ನೋಟಿಸಿಲ್ಲದೆ ಮಾರಿ ಲಾಭವಾದರೆ ಅದು ನಿಮಗೇ ಸೇರಬೇಕೆಂದು 1930ರ ಕಾಯ್ದೆಯ 54ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನೋಟಿಸು ಕೊಡುವುದನ್ನು ನಾವಂತೂ ಮರೆಯಲಾರೆವು!

ಸಿಮೆಂಟಿನ ವಿಷಯದಲ್ಲಿ ಒಂದು ಮಾತು. ಅದು ಗೋದಾಮಿನಲ್ಲೂ ಗಾಳಿಯ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ. ಸೂಚನೆ ತಲುಪಿದ ಮೇಲೂ ಬಿಟ್ಟುಹೋದ ಚೀಲಗಳು ಆ ವಿಳಂಬದಿಂದ ಗಟ್ಟಿಯಾದರೆ ನಷ್ಟ ನಿಮ್ಮದಾಗುತ್ತದೆ. ಮನೆ ಕಟ್ಟುವವರು ಮೂರು ತಿಂಗಳ ಸಿಮೆಂಟನ್ನು ಒಮ್ಮೆಲೇ ಕೊಂಡು ನಮ್ಮಲ್ಲಿ ಇಡುವುದು ನಮ್ಮ ವ್ಯಾಪಾರಕ್ಕೆ ಒಳ್ಳೆಯದು, ನಿಮ್ಮ ಗೋಡೆಗೆ ಅಲ್ಲ.

ಈಗಾಗಲೇ ಹಣ ತೀರಿಸಿದ್ದು ಬಾಡಿಗೆಗಾಗಿ ನಾವು ತಡೆದಿಟ್ಟಿರುವ ಸರಕಿನ ವಾರಸುದಾರರು 1ನೇ ತಾರೀಖಿನವರೆಗೆ ಕಾಯಬೇಕಿಲ್ಲ. ರಸೀದಿ ತೋರಿಸಿ ಒಯ್ಯಬಹುದು. ಗೇಟಿನವರಿಗೆ ಹೇಳಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು