ಹಳೆಯ ಪಾಪ್ ತಂಡದವರಿಗೆ ನುಡಿಸಲು ಬರುವುದಿಲ್ಲವೇ?

ಮಾನ್ಯ ಸಂಪಾದಕರೇ,

ಹಳೆಯ ಪಾಪ್ ತಂಡವೊಂದು ಮತ್ತೆ ಪ್ರವಾಸ ಹೊರಟಿತೆಂಬ ಸುದ್ದಿ ಬಂದಾಗಲೆಲ್ಲ ಸಂಗೀತಪ್ರಿಯರ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಇವರೆಲ್ಲ ಸ್ಟುಡಿಯೋದಲ್ಲಿ ತಯಾರಾದವರು, ವೇಷಭೂಷಣ ಮತ್ತು ಪ್ರಚಾರದ ಬಲದಿಂದ ಮೇಲೆ ಬಂದವರು, ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಂತರೂ ನಮ್ಮ ಕಿವಿಗೆ ಬೀಳುವುದು ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಎಂಬ ಮಾತು ಅದು. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಟ್ರ್ಯಾಕ್ ಹಾಕಿ ಹಾಡುವುದನ್ನು ಕಂಡು ಬೇಸತ್ತಿರುವ ನಮ್ಮವರಿಗೆ ಈ ಅನುಮಾನ ಬೇಗ ಹುಟ್ಟುವುದು ಸಹಜ. ಆರೋಪ ಪೂರ್ತಿ ಸುಳ್ಳೆಂದು ನಾನು ವಾದಿಸಲಾರೆ. ಆದರೆ ಧ್ವನಿಮುದ್ರಣದಲ್ಲಿ ಬೇರೆಯವರು ನುಡಿಸಿದ್ದಾರೆ ಎಂಬ ಒಂದೇ ಆಧಾರದ ಮೇಲೆ ತಂಡದವರಿಗೆ ನುಡಿಸಲು ಬಾರದು ಎಂಬ ತೀರ್ಮಾನಕ್ಕೆ ಬರುವುದು ತಪ್ಪು ತರ್ಕ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

1960ರ ದಶಕದ ಲಾಸ್ ಏಂಜಲಿಸ್‌ನಲ್ಲಿ ಸ್ಟುಡಿಯೋಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕಿತ್ತು, ಟೇಪಿನಲ್ಲಿ ದನಿಗಳನ್ನು ಬೇರೆಬೇರೆಯಾಗಿ ಮುದ್ರಿಸಲು ಮೂರೋ ನಾಲ್ಕೋ ಪಟ್ಟಿಗಳಷ್ಟೇ ಇದ್ದವು, ಒಬ್ಬರು ಎಡವಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕಾಗುತ್ತಿತ್ತು. ಹೀಗಾಗಿ ನಿರ್ಮಾಪಕರು ಸ್ವರಲಿಪಿ ಕಂಡೊಡನೆ ನುಡಿಸಬಲ್ಲ ವೃತ್ತಿಪರರನ್ನೇ ಕರೆಸುತ್ತಿದ್ದರು. ಡ್ರಮ್ಸ್ ನುಡಿಸುತ್ತಿದ್ದ ಹಾಲ್ ಬ್ಲೇನ್, ಬೇಸ್ ಗಿಟಾರಿನ ಕ್ಯಾರಲ್ ಕೇ ಇಂಥವರು. ಬರ್ಡ್ಸ್ ತಂಡವನ್ನು ಪ್ರಸಿದ್ಧಿಗೆ ತಂದ ಮೊದಲ ಹಾಡು 1965ರ ಜನವರಿಯಲ್ಲಿ ಮುದ್ರಣವಾದಾಗ ತಂಡದವರ ಪೈಕಿ ವಾದ್ಯ ನುಡಿಸಿದವರು ರೋಜರ್ ಮೆಗ್ವಿನ್ ಒಬ್ಬರೇ. ಆದರೆ ಅದೇ ವರ್ಷದ ಆಲ್ಬಮಿನ ಬಹುತೇಕ ಹಾಡುಗಳನ್ನು ತಂಡದವರು ತಾವೇ ನುಡಿಸಿದರು. ಬೀಚ್ ಬಾಯ್ಸ್ ತಂಡದ ಕಥೆ ಇನ್ನೂ ಸ್ಪಷ್ಟವಾಗಿದೆ. 1964ರ ಡಿಸೆಂಬರಿನಲ್ಲಿ ವಿಮಾನದಲ್ಲಿ ತೀವ್ರ ಆತಂಕಕ್ಕೆ ಒಳಗಾದ ಬ್ರಯಾನ್ ವಿಲ್ಸನ್ ಪ್ರವಾಸವನ್ನು ಬಿಟ್ಟು ಸ್ಟುಡಿಯೋದಲ್ಲಿ ನೆಲೆಸಿದರು. 1966ರ ಆರಂಭದಲ್ಲಿ ಉಳಿದವರು ಜಪಾನಿನಲ್ಲಿ ಕಾರ್ಯಕ್ರಮ ನೀಡುತ್ತಿದ್ದಾಗ ಅವರು ಬಾಡಿಗೆ ವಾದಕರನ್ನು ಕೂರಿಸಿಕೊಂಡು ‘ಪೆಟ್ ಸೌಂಡ್ಸ್’ ಆಲ್ಬಮಿನ ವಾದ್ಯಭಾಗಗಳ ಕೆಲಸಕ್ಕೆ ತೊಡಗಿದರು, ಪ್ರವಾಸದಿಂದ ಮರಳಿದವರು ಅದಕ್ಕೆ ತಮ್ಮ ದನಿ ಕೂಡಿಸಿದರು. ಕೆಲಸ ಹಂಚಿಕೊಂಡದ್ದು ಕೈಲಾಗದ್ದಕ್ಕೆ ಸಾಕ್ಷಿಯಾಗುವುದು ಹೇಗೆ? ಸಭೆಯ ಮುಂದೆ ಐದು ದನಿಗಳನ್ನು ಒಂದರ ಮೇಲೊಂದು ಶ್ರುತಿ ತಪ್ಪದಂತೆ ಕೂರಿಸಿ ಹಾಡುತ್ತಿದ್ದವರು ಅವರೇ ಅಲ್ಲವೇ?

ಬೀಟಲ್ಸ್ ತಂಡವನ್ನೇ ನೋಡೋಣ. ಆಪಾದನೆ ಹೆಚ್ಚು ಸಲ ಎರಗುವುದು ಅವರ ಮೇಲೆಯೇ, ಅದರಲ್ಲೂ ಡ್ರಮ್ಮರ್ ರಿಂಗೋ ಸ್ಟಾರ್ ಮೇಲೆ. 1962ರ ಸೆಪ್ಟೆಂಬರಿನಲ್ಲಿ ತಂಡದ ಮೊದಲ ಹಾಡನ್ನು ಮುದ್ರಿಸುವಾಗ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಕಡೆಯವರು ಆಂಡಿ ವೈಟ್ ಎಂಬ ಸ್ಟುಡಿಯೋ ವಾದಕರನ್ನು ಡ್ರಮ್ಸ್‌ಗೆ ಕರೆಸಿ, ರಿಂಗೋ ಅವರ ಕೈಗೆ ಟ್ಯಾಂಬೊರಿನ್ ಕೊಟ್ಟದ್ದು ನಿಜ. ಬೀಟಲ್ಸ್ ತಂಡದಲ್ಲೇ ರಿಂಗೋ ಅತ್ಯುತ್ತಮ ಡ್ರಮ್ಮರ್ ಅಲ್ಲ ಎಂಬ ಚಟಾಕಿಯನ್ನು ಅದೇ ತಂಡದ ಜಾನ್ ಲೆನನ್ ಹೇಳಿದ್ದೆಂದು ಈಗಲೂ ಕೆಲವರು ಉದ್ಧರಿಸುತ್ತಾರೆ. ಅದು ಲೆನನ್ ತೀರಿಕೊಂಡ ಮೇಲೆ ಬ್ರಿಟನ್ನಿನ ಹಾಸ್ಯ ಕಾರ್ಯಕ್ರಮಗಳಿಂದ ಹಬ್ಬಿದ ಮಾತು. ಚಟಾಕಿಯನ್ನು ಬದಿಗಿಟ್ಟು ಕೈಯನ್ನು ಗಮನಿಸಬೇಕು. ರಿಂಗೋ ಎಡಚರು, ಆದರೆ ಬಲಗೈಯವರಿಗೆ ಹೊಂದಿಸಿದ ಡ್ರಮ್ಸ್ ಮುಂದೆ ಕೂರುತ್ತಾರೆ. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಉರುಳಿ ಬರುವ ಜಾಗಗಳಲ್ಲಿ ಅವರ ಎಡಗೈ ಮುಂದಾಗಲು ನೋಡುತ್ತದೆ, ಕೈ ದಾಟಿಸಲು ಕ್ಷಣಾರ್ಧ ಹೆಚ್ಚು ಬೇಕಾಗುತ್ತದೆ, ಆದರೂ ಮುಂದಿನ ಆವರ್ತದ ಮೊದಲ ಪೆಟ್ಟು ಮಾತ್ರ ಅದರ ಜಾಗದಲ್ಲೇ ಬೀಳುತ್ತದೆ. ಬೇಕೆಂದೇ ತಡ ಮಾಡಿದಂತೆ ಕೇಳಿಸುವ ಆ ಉರುಳಿಕೆಯನ್ನು ಅವರಿಗಿಂತ ವೇಗವಾಗಿ ನುಡಿಸಬಲ್ಲ ಡ್ರಮ್ಮರ್‌ಗಳೂ ಸುಲಭವಾಗಿ ಅನುಕರಿಸಲಾರರು.

ಈ ತಂಡ ಪಳಗಿದ್ದು ಸ್ಟುಡಿಯೋದಲ್ಲಿ ಅಲ್ಲವೇ ಅಲ್ಲ. 1960ರಿಂದ 1962ರ ನಡುವೆ ಅವರು ಐದು ಸಲ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೋಗಿ ಅಲ್ಲಿನ ಕ್ಲಬ್ಬುಗಳಲ್ಲಿ ನುಡಿಸಿದರು. ಮೊದಲ ಸಲ ಹೋದಾಗ ವಾರದ ದಿನಗಳಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ವಾರಾಂತ್ಯದಲ್ಲಿ ಆರು ಗಂಟೆ ನುಡಿಸಬೇಕೆಂಬ ಕರಾರಿತ್ತು. ಕುಡಿದು ಕೂಗಾಡುವ ನಾವಿಕರ ಮುಂದೆ ಅಷ್ಟು ಹೊತ್ತು ನಿಂತವರಿಗೆ ಹಾಡು ಸಾಲದೆ ಬಂದು, ಇದ್ದ ಹಾಡನ್ನೇ ಹಿಗ್ಗಿಸುವುದು, ಇನ್ನೊಬ್ಬನ ಕಣ್ಸನ್ನೆ ನೋಡಿ ನಿಲ್ಲಿಸುವುದು, ತಂತಿ ಹರಿದರೂ ನಡೆಸಿಕೊಂಡು ಹೋಗುವುದು ತಾನಾಗಿ ಬರುತ್ತದೆ. ಅದರ ಫಲ 1963ರ ಫೆಬ್ರುವರಿ 11ರಂದು ಕಾಣಿಸಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬೆಳಿಗ್ಗೆ ಹತ್ತಕ್ಕೆ ಕುಳಿತ ತಂಡ ರಾತ್ರಿ ಹನ್ನೊಂದಾಗುವುದರೊಳಗೆ ಮೊದಲ ಆಲ್ಬಮಿಗೆ ಬೇಕಾದ ಹತ್ತು ಹಾಡುಗಳನ್ನು ಮುಗಿಸಿತು. ನೆಗಡಿಯಿಂದ ಗಂಟಲು ಕೆಟ್ಟಿದ್ದ ಲೆನನ್ ಅವರಿಗೆ ಆ ದಿನದ ಕೊನೆಯ ಹಾಡನ್ನು ಸರಿಯಾಗಿ ಹಾಡಲು ಸಾಧ್ಯವಾದದ್ದು ಒಂದೇ ಬಾರಿ, ನಾವು ಇಂದಿಗೂ ಕೇಳುವುದು ಅದನ್ನೇ. ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದು ಅಕ್ಷರವನ್ನೂ ಕತ್ತರಿಸಿ ಅಂಟಿಸುವ ಇಂದಿನ ಕಾಲದಲ್ಲಿ ಎಷ್ಟು ಮಂದಿ ಇಂಥ ದಿನಚರಿಗೆ ಒಪ್ಪಿಯಾರೆಂದು ಯೋಚಿಸುತ್ತೇನೆ.

ವೇದಿಕೆಯ ಮೇಲಿನ ಅವರ ಕೀರ್ತಿಗೆ ಕುಂದು ಬಂದದ್ದು ದೊಡ್ಡ ಮೈದಾನಗಳಲ್ಲಿ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನ ಸೇರಿದ್ದರು. ಗಿಟಾರುಗಳಿಗೆ 100 ವಾಟ್‌ನ ಆಂಪ್ಲಿಫೈಯರುಗಳಿದ್ದವು. ಹಾಡುಗಾರರ ದನಿ ಹೊರಟದ್ದು ಬೇಸ್‌ಬಾಲ್ ಪಂದ್ಯದ ಪ್ರಕಟಣೆಗಳಿಗೆ ಬಳಸುವ ಧ್ವನಿವರ್ಧಕಗಳಿಂದ. ತಮ್ಮ ದನಿ ತಮಗೇ ಕೇಳಿಸುವಂತೆ ಮುಂದಿಡುವ ಮಾನಿಟರ್ ಪೆಟ್ಟಿಗೆಗಳು ಆಗ ಬಳಕೆಗೆ ಬಂದಿರಲಿಲ್ಲ. ಆ ಕಿರುಚಾಟದಲ್ಲಿ ಏನೂ ಕೇಳಿಸದೆ ಮುಂದೆ ನಿಂತ ಮೂವರ ಮೈಯಾಟವನ್ನು ನೋಡಿಕೊಂಡು ಹಾಡು ಎಲ್ಲಿಗೆ ಬಂತೆಂದು ಊಹಿಸುತ್ತಿದ್ದುದಾಗಿ ರಿಂಗೋ ಮುಂದೆ ಹೇಳಿಕೊಂಡಿದ್ದಾರೆ. ಆ ಕಾರ್ಯಕ್ರಮದ ಚಿತ್ರಕ್ಕೆ ಮರುವರ್ಷ ಲಂಡನ್ನಿನಲ್ಲಿ ಕೆಲವು ಭಾಗಗಳನ್ನು ಮತ್ತೆ ನುಡಿಸಿ ಸೇರಿಸಲಾಯಿತು ಎಂಬುದನ್ನೂ ನ್ಯಾಯಕ್ಕಾಗಿ ಹೇಳಲೇಬೇಕು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನುಡಿಸಿ ಅವರು ಪ್ರವಾಸಕ್ಕೆ ಪೂರ್ಣವಿರಾಮ ಹಾಕಿದರು. ನುಡಿಸಲು ಬಾರದೆ ಹಿಂದೆ ಸರಿದರು ಎನ್ನುವವರು 1969ರ ಜನವರಿ 30ರ ಮಧ್ಯಾಹ್ನವನ್ನು ನೆನೆಯಬೇಕು. ಎರಡೂವರೆ ವರ್ಷ ಜನರೆದುರು ನುಡಿಸದಿದ್ದ ನಾಲ್ವರು, ಕೀಬೋರ್ಡಿಗೆ ಬಿಲ್ಲಿ ಪ್ರೆಸ್ಟನ್ ಅವರನ್ನು ಜೊತೆಗಿಟ್ಟುಕೊಂಡು, ಬೆರಳು ಮರಗಟ್ಟುವ ಚಳಿಯಲ್ಲಿ ತಮ್ಮ ಕಚೇರಿಯ ತಾರಸಿಯ ಮೇಲೆ ನುಡಿಸಿದರು. ಅಲ್ಲಿ ಮುದ್ರಣವಾದ ಮೂರು ಹಾಡುಗಳು ಮುಂದೆ ಅವರ ಆಲ್ಬಮಿನಲ್ಲೇ ಸೇರಿದವು.

ಇದೇ ತಂಡದ ಬೇಸ್ ವಾದಕ, ಗಾಯಕ ಪಾಲ್ ಮೆಕಾರ್ಟ್ನಿ ಅವರ ವಿಷಯದಲ್ಲಿ ನನ್ನ ಬೆರಗು ಬೇರೆ ಬಗೆಯದು. ಬೇಸ್ ಗಿಟಾರ್ ನುಡಿಸುತ್ತ ಹಾಡುವವರು ಸಾಮಾನ್ಯವಾಗಿ ಹಾಡಿನ ಲಯಕ್ಕೆ ಅಂಟಿಕೊಂಡ ಸರಳ ಸ್ವರಗಳನ್ನೇ ಮೀಟುತ್ತಾರೆ. ಮೆಕಾರ್ಟ್ನಿ ಅವರ ಬಾಯಲ್ಲಿ ಒಂದು ನಡೆ, ಬೆರಳಲ್ಲಿ ಇನ್ನೊಂದು ನಡೆ. ಒಂದು ಕೈಯಲ್ಲಿ ಖಂಡದ ತಾಳ ಹಿಡಿದು ಬಾಯಲ್ಲಿ ತಿಶ್ರದ ಸ್ವರಗಳನ್ನು ಹಾಡುವ ನಮ್ಮ ವಿದ್ವಾಂಸರ ಅಭ್ಯಾಸ ಬಲ್ಲವರಿಗೆ ಇದರ ಕಷ್ಟ ತಿಳಿದೀತು. 2022ರ ಜೂನಿನಲ್ಲಿ, 80 ತುಂಬಿದ ಒಂದೇ ವಾರಕ್ಕೆ, ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಎರಡೂವರೆ ಗಂಟೆಗೂ ಮೀರಿ ಬೇಸ್, ಗಿಟಾರ್, ಪಿಯಾನೋ, ಉಕುಲೇಲೆಗಳ ನಡುವೆ ಓಡಾಡುತ್ತ ನುಡಿಸಿದರು. ದನಿ ಸವೆದಿದೆ, ಮೇಲಿನ ಸ್ವರಗಳು ಹಿಂದಿನಂತೆ ಬರುವುದಿಲ್ಲ. ಆ ಸವೆತವೇ ಅಲ್ಲಿ ಹಾಡುತ್ತಿರುವುದು ಮನುಷ್ಯ ಎಂಬುದಕ್ಕೆ ಪುರಾವೆ. ವಯಸ್ಸಾದಂತೆ ಶ್ರುತಿ ಇಳಿಸಿಕೊಂಡ ಶಾಸ್ತ್ರೀಯ ಗಾಯಕರನ್ನು ಗೌರವದಿಂದ ಕೇಳುವ ನಾವು, ಪಾಪ್ ತಂಡವೊಂದು ಗಿಟಾರಿನ ತಂತಿಗಳನ್ನು ಅರ್ಧ ಸ್ವರ ಇಳಿಸಿದೊಡನೆ ಮೋಸ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಬೆಂಗಳೂರಿಗೂ ಇದನ್ನು ಪರೀಕ್ಷಿಸುವ ಅವಕಾಶ ಒದಗಿತ್ತು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅರಮನೆ ಮೈದಾನದಲ್ಲಿ ನುಡಿಸಿದಾಗ ಗಾಯಕ ಮಿಕ್ ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಬ್ಬರಿಗೂ 59, ಡ್ರಮ್ಮರ್ ಚಾರ್ಲಿ ವಾಟ್ಸ್‌ಗೆ 61. ಜನರ ಕಣ್ಣು ಜಾಗರ್ ಅವರ ಓಟದ ಮೇಲಿತ್ತು. ನೋಡಬೇಕಾಗಿದ್ದದ್ದು ಹಿಂದೆ ಕುಳಿತಿದ್ದ ವಾಟ್ಸ್ ಅವರ ಬಲಗೈಯನ್ನು. ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಎಡಗೈ ಸ್ನೇರ್ ಡ್ರಮ್ಮಿನ ಮೇಲೆ ಬೀಳುವಾಗ ಅವರು ಬಲಗೈಯನ್ನು ಹೈ-ಹ್ಯಾಟ್ ತಾಳದಿಂದ ಎತ್ತಿಬಿಡುತ್ತಿದ್ದರು, ಆದ್ದರಿಂದ ಆ ಪೆಟ್ಟು ಒಂಟಿಯಾಗಿ, ಸ್ವಚ್ಛವಾಗಿ ಕೇಳಿಸುತ್ತಿತ್ತು. ಬೇರೆ ತಂಡಗಳು ಡ್ರಮ್ಮರ್ ಹಿಂದೆ ಹೋದರೆ ಇಲ್ಲಿ ಡ್ರಮ್ಮರ್ ಕೀತ್ ಅವರ ಗಿಟಾರಿನ ಹಿಂದೆ ಹೋಗುತ್ತಾರೆ ಎಂದು ತಂಡದ ಹಳೆಯ ಬೇಸ್ ವಾದಕ ಬಿಲ್ ವೈಮನ್ ವಿವರಿಸಿದ್ದಾರೆ. ಆ ಗಿಟಾರ್ ಕೂಡ ಹಲವು ಹಾಡುಗಳಿಗೆ ಆರನೆಯ ತಂತಿ ತೆಗೆದು, ಐದೇ ತಂತಿಗಳನ್ನು ಬೇರೆ ರೀತಿಯಲ್ಲಿ ಶ್ರುತಿ ಮಾಡಿಕೊಂಡದ್ದು. ಇಂಥ ಹಿಂದುಮುಂದಾಗುವ ಲಯವನ್ನು ಟ್ರ್ಯಾಕಿಗೆ ಕಟ್ಟಿಹಾಕಲಾಗದು. ವೈಮನ್ ತಂಡ ಬಿಟ್ಟ ಮೇಲೆ ಬೇಸ್ ನುಡಿಸುತ್ತಿರುವ ಡ್ಯಾರಿಲ್ ಜೋನ್ಸ್ ತಂಡದ ಅಧಿಕೃತ ಸದಸ್ಯರಲ್ಲ ಎಂಬುದು ನಿಜ, ಆದರೆ ಹಿಂದೆ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಅಂಜದಿರುವುದು ಅಳುಕಿಲ್ಲದವರ ಲಕ್ಷಣ.

ಹಾಗೆಂದು ಎಲ್ಲ ತಂಡಗಳಿಗೂ ಇದೇ ಪ್ರಮಾಣಪತ್ರ ಕೊಡಲಾಗದು. ನಮ್ಮಲ್ಲಿಯೂ ಕ್ಯಾಸೆಟ್ ಕಾಲದಲ್ಲಿ ಮನೆಮಾತಾಗಿದ್ದ ಬೋನಿ ಎಂ ತಂಡದ ಹಾಡುಗಳಲ್ಲಿ ಕೇಳಿಸುವ ಗಡಸು ಗಂಡುದನಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಅವರದಲ್ಲ, ನಿರ್ಮಾಪಕ ಫ್ರಾಂಕ್ ಫರಿಯನ್ ಅವರದು. ಅದೇ ಫರಿಯನ್ ಮುಂದೆ ಕಟ್ಟಿದ ಮಿಲಿ ವನಿಲಿ ಜೋಡಿಯ ಟೇಪು 1989ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ವೇದಿಕೆಯೊಂದರಲ್ಲಿ ಸಿಕ್ಕಿಹಾಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿತು. ಮರುವರ್ಷ ಅವರಿಗೆ ಸಿಕ್ಕ ಗ್ರ್ಯಾಮಿ ಪ್ರಶಸ್ತಿಯನ್ನು ಅದೇ ವರ್ಷದ ನವೆಂಬರಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಅಲ್ಲಿ ಕೇಳುಗರಿಗೆ ಆದದ್ದು ಮೋಸವೇ.

ಇಂದು ಹಲವು ತಂಡಗಳು ಬಳಸುವ ಬ್ಯಾಕಿಂಗ್ ಟ್ರ್ಯಾಕುಗಳ ವಿಚಾರದಲ್ಲೂ ತರತಮ ಬೇಕು. ಪಿಟೀಲುಗಳ ಗುಂಪು, ಹೆಚ್ಚುವರಿ ಕೋರಸ್, ಯಾವುದೋ ವಿಶೇಷ ಸದ್ದು ಲ್ಯಾಪ್‌ಟಾಪಿನಿಂದ ಬಂದರೆ ನನ್ನ ತಕರಾರಿಲ್ಲ. ಡ್ರಮ್ಮರ್ ಕಿವಿಯಲ್ಲಿ ಲಯ ತೋರಿಸುವ ಕ್ಲಿಕ್ ಸದ್ದನ್ನು ಕೇಳಿಸಿಕೊಂಡು ಅದಕ್ಕೆ ಸರಿಯಾಗಿ ನುಡಿಸುವುದೂ ಒಂದು ವಿದ್ಯೆಯೇ. ಮುಖ್ಯ ಗಾಯಕರ ದನಿಯೇ ಮುದ್ರಿತವಾಗಿದ್ದರೆ ಟಿಕೆಟು ಕೊಂಡವರಿಗೆ ಅದನ್ನು ಮೊದಲೇ ತಿಳಿಸಬೇಕು. 2022ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಆಬಾ ತಂಡದ ಪ್ರದರ್ಶನದಲ್ಲಿ ನಾಲ್ವರು ಸದಸ್ಯರ ಡಿಜಿಟಲ್ ರೂಪಗಳು ಹಾಡುತ್ತವೆ, ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಅಲ್ಲಿಯೂ ಹತ್ತು ಜನ ವಾದಕರು ಪ್ರತಿ ಪ್ರದರ್ಶನಕ್ಕೂ ಎದುರಿಗೇ ನಿಂತು ನುಡಿಸುತ್ತಾರೆ ಎಂಬುದು ಗಮನಾರ್ಹ.

ಪಾಶ್ಚಾತ್ಯ ತಂಡಗಳು ನಮ್ಮ ನಗರಕ್ಕೆ ಬಂದಾಗ ಪತ್ರಿಕೆಗಳ ವರದಿಗಳಲ್ಲಿ ಬಳ್ಳಾರಿ ರಸ್ತೆಯ ವಾಹನ ದಟ್ಟಣೆ, ಟಿಕೆಟಿನ ದರ, ಮುಂದಿನ ಸಾಲಿನಲ್ಲಿ ಕುಳಿತ ಸಿನಿಮಾ ನಟರು ಇವಿಷ್ಟಕ್ಕೇ ಜಾಗ ತುಂಬಿಹೋಗುತ್ತದೆ. ಸಂಗೀತ ಬಲ್ಲ ಒಬ್ಬರನ್ನು ಕಳುಹಿಸಿ, ಯಾರು ಯಾವ ವಾದ್ಯ ನುಡಿಸಿದರು, ಹಾಡುಗಳು ಮೂಲ ಶ್ರುತಿಯಲ್ಲಿದ್ದವೇ, ಕೋರಸ್ ಹಾಡಿದವರು ವೇದಿಕೆಯ ಮೇಲಿದ್ದರೇ, ಜನ ಕೇಳಿದಾಗ ಹಾಡನ್ನು ಹಿಗ್ಗಿಸಿದರೇ ಎಂಬುದನ್ನು ಎರಡು ಕಾಲಂಗಳಲ್ಲಾದರೂ ಬರೆಯಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು