ಹಿಟ್ಟಿನ ಕೋಳಿ ಮತ್ತು ಇಪ್ಪತ್ತು ಮುಖದ ದಾಳ

ಮಾನ್ಯ ಸಂಪಾದಕರೇ,

ಪಾತ್ರ ವಹಿಸಿ ಆಡುವ ಕಾಲ್ಪನಿಕ ಆಟಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಎರಡು ಪತ್ರಗಳನ್ನು ಓದಿದೆ. ಭೂತ, ಮಾಟ, ರಾಕ್ಷಸರಿರುವ ಆಟ ಆಡಿದರೆ ಮಕ್ಕಳ ಧರ್ಮ ಕೆಡುತ್ತದೆ ಎಂದು ಒಬ್ಬರು ಬರೆದಿದ್ದರು. "ಸುಮ್ನೆ ಆಟ, ಅದರಲ್ಲೇನಿದೆ" ಎಂದು ಇನ್ನೊಬ್ಬರು. ಮೊದಲನೆಯವರ ಮಾತು ನನಗೆ ಒಪ್ಪಿಗೆಯಿಲ್ಲ. ಎರಡನೆಯವರದ್ದು ಅದಕ್ಕಿಂತಲೂ ಇಲ್ಲ.

ನಾನು ವೇಣೂರು ಕಡೆಯ ಜೈನ ಮನೆಯವಳು. ಈಗ ಡೊಂಬಿವಲಿಯಲ್ಲಿದ್ದೇನೆ. ಮುಂಬಯಿಯಲ್ಲಿ ಜೈನರೆಂದರೆ ಗುಜರಾತಿ, ಮಾರವಾಡಿ ಎಂದೇ ಲೆಕ್ಕ. "ಕನ್ನಡದಲ್ಲೂ ಜೈನರಿದ್ದಾರಾ?" ಎಂದು ಕೇಳಿದವರಿಗೆ ಪಂಪ, ರನ್ನರಿಂದ ಶುರು ಮಾಡುವಷ್ಟು ತಾಳ್ಮೆ ಈಗ ನನಗಿಲ್ಲ. ಸರ್ಕಾರ 2014ರಲ್ಲಿ ನಮ್ಮನ್ನು ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿತು. ಆ ಅಲ್ಪಸಂಖ್ಯಾತರೊಳಗೂ ನಾವು ಅಲ್ಪ.

ಎರಡು ವಾರಕ್ಕೊಮ್ಮೆ ಭಾನುವಾರ ಠಾಣೆಯಲ್ಲಿ ಸ್ನೇಹಿತರ ಮನೆಯಲ್ಲಿ ಐವರು ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ತಾಳಮದ್ದಳೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕೂತಲ್ಲೇ ಮಾತಿನಲ್ಲೇ ಯುದ್ಧ. ಭಾಗವತರ ಜಾಗದಲ್ಲಿ ಕಥೆ ನಡೆಸುವ ಡಂಜನ್ ಮಾಸ್ಟರ್. ಏಟು ಬಿತ್ತೋ ತಪ್ಪಿತೋ ಎಂದು ಹೇಳುವುದು 20 ಮುಖದ ದಾಳ. ಜೈನಳಾದ ನಾನು ರಾತ್ರಿ ಉಣ್ಣುವುದಿಲ್ಲ, ಸೂರ್ಯ ಮುಳುಗುವುದರೊಳಗೆ ಡಬ್ಬಿ ಖಾಲಿ ಮಾಡುತ್ತೇನೆ, ಉಳಿದವರು ರಾತ್ರಿ ಬಿರಿಯಾನಿ ತರಿಸುತ್ತಾರೆ. ಅದರಲ್ಲಿ ಜಗಳವೇನೂ ಇಲ್ಲ.

ದೇವರು, ದೆವ್ವದ ಹೆಸರಿನ ಭಯ ನನಗೆ ಯಾವತ್ತೂ ಕಾಡಿಲ್ಲ. 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತರು ಈ ಆಟ ಸೈತಾನನ ಪೂಜೆ ಕಲಿಸುತ್ತದೆ ಎಂದು ದೊಡ್ಡ ಗದ್ದಲ ಎಬ್ಬಿಸಿದ್ದರು. 1989ರ ಆವೃತ್ತಿಯಲ್ಲಿ ಕಂಪನಿ ಡೆವಿಲ್, ಡೀಮನ್ ಎಂಬ ಪದಗಳನ್ನೇ ಕೈಬಿಟ್ಟು ಬಾಯಿ ಹೊರಳದ ಹೊಸ ಹೆಸರು ಇಟ್ಟಿತು. ಹೆಸರು ಬದಲಾಯಿತು, ಕೊಲ್ಲುವುದು ಹಾಗೇ ಉಳಿಯಿತು. ನನ್ನ ತೊಡಕು ಇದ್ದದ್ದು ಅಲ್ಲಿ.

ಪುರೋಹಿತೆಯ ಪಾತ್ರ ಆಡು ಎಂದರು. ಅದಕ್ಕೊಂದು ದೇವರು ಬೇಕು, ಶಕ್ತಿ ಅವರಿಂದ ಬರಬೇಕು. ನಮ್ಮ ತೀರ್ಥಂಕರರು ಯಾರಿಗೂ ಏನೂ ಕೊಡುವವರಲ್ಲ. ನಮ್ಮ ಯಕ್ಷಿ, ಹೊಂಬುಜದ ಪದ್ಮಾವತಿ ಅಮ್ಮ ಕೊಡುತ್ತಾಳೆ, ನಿಜ. ಆದರೆ ಅವಳ ಹೆಸರನ್ನು ಆಟದ ಹಾಳೆಯಲ್ಲಿ ಬರೆಯಲು ಕೈ ಬರಲಿಲ್ಲ. ಬಿಲ್ಲುಗಾರ್ತಿಯಾದೆ.

ಕಳೆದ ಮಳೆಗಾಲದ ಒಂದು ಭಾನುವಾರ. ಆಟದ ಕಥೆಯಲ್ಲಿ, ಗುಹೆಯ ಬಾಗಿಲಲ್ಲಿ ಒಬ್ಬ ಗಾಬ್ಲಿನ್ (ಕುಳ್ಳ ರಾಕ್ಷಸ) ಕಾವಲುಗಾರ ನಿದ್ದೆ ಮಾಡುತ್ತಿದ್ದ. ದಾಟಿ ಹೋಗಬಹುದಿತ್ತು. ಬಾಣ ಬಿಟ್ಟೆ. ದಾಳದಲ್ಲಿ 20 ಬಿತ್ತು, ಅದಕ್ಕಿಂತ ಒಳ್ಳೆಯ ಏಟಿಲ್ಲ. ಗಾಬ್ಲಿನ್ ಸತ್ತ. ಎಲ್ಲರೂ ಕಿರುಚಿದರು, ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ರಾತ್ರಿ ಸ್ಲೋ ಲೋಕಲ್‌ನಲ್ಲಿ ಮನೆಗೆ ಹೋಗುವಾಗ, ಮುಂಬ್ರಾ ದಾಟಿದ ಮೇಲೆ, ಹಿಟ್ಟಿನ ಕೋಳಿ ನೆನಪಾಯಿತು.

ಜನ್ನ ಕವಿಯ ಯಶೋಧರ ಚರಿತೆಯ ಕಥೆ ಬಹಳ ಜನರಿಗೆ ಗೊತ್ತು. ಜೀವದ ಕೋಳಿ ಬಲಿ ಕೊಡಲಾರೆ ಎಂದ ಯಶೋಧರ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿ ಕಡಿಯುತ್ತಾನೆ. ಕಡಿದಾಗ ಅದು ಕೂಗಿತು. ಆ ಒಂದು ಏಟಿಗೆ ಅವನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಆಮೇಲೂ ಜನ್ಮದ ಮೇಲೆ ಜನ್ಮ ಅಲೆಯಬೇಕಾಯಿತು. ಸತ್ತದ್ದು ಬರೀ ಹಿಟ್ಟು. ಕೊಲ್ಲುವ ಸಂಕಲ್ಪ ಮಾತ್ರ ನಿಜ. ಅಜ್ಜಿಯ ಬಾಯಲ್ಲಿ ಈ ಕಥೆ ಕೇಳಿ ಬೆಳೆದವಳಿಗೆ "ಸುಮ್ನೆ ಆಟ" ಎಂದು ಹೇಗೆ ಹೇಳುತ್ತೀರಿ?

ಹಾಗಾದರೆ ತಾಳಮದ್ದಳೆಯೂ ಪಾಪವಾ ಎಂದು ಕೇಳಬಹುದು. ಅಲ್ಲ. ಅಲ್ಲಿ ಕರ್ಣ ಸಾಯುವುದು ಮೊದಲೇ ಬರೆದಾಗಿದೆ, ಅರ್ಜುನನ ಅರ್ಥ ಹೇಳುವವರು ಅದನ್ನು ತೀರ್ಮಾನಿಸುವುದಿಲ್ಲ. ನಮ್ಮ ಮೇಜಿನಲ್ಲಿ ಬರೆದಿಟ್ಟದ್ದೇನೂ ಇಲ್ಲ. ಬಾಣ ಬಿಡಲೋ ಬೇಡವೋ ಎಂದು ಆ ಕ್ಷಣದಲ್ಲಿ ತೀರ್ಮಾನಿಸಿದವಳು ನಾನೇ. ಖುಷಿಪಟ್ಟವಳೂ ನಾನೇ.

ಬಿಟ್ಟುಬಿಡೋಣ ಅಂದುಕೊಂಡು ಡಂಜನ್ ಮಾಸ್ಟರ್‌ಗೆ ಹೇಳಿದೆ. ಅವನು ಬಜಪೆಯ ಕ್ಯಾಥೊಲಿಕ್ ಹುಡುಗ, ನಗಲಿಲ್ಲ. ಐದನೇ ಆವೃತ್ತಿಯ ಪುಸ್ತಕ ತೆಗೆದು ಒಂದು ನಿಯಮ ತೋರಿಸಿದ. ಹತ್ತಿರ ನಿಂತು ಹೊಡೆದು ಎದುರಾಳಿಯ ಶಕ್ತಿ ಸೊನ್ನೆಗೆ ಇಳಿಸಿದರೆ, ಕೊಲ್ಲುವುದೋ ಮೂರ್ಛೆ ಬೀಳಿಸುವುದೋ ಎಂದು ಹೊಡೆದವರೇ ಆರಿಸಬಹುದು. ದೂರದಿಂದ ಬಿಟ್ಟ ಬಾಣಕ್ಕೆ ಆ ಅವಕಾಶವಿಲ್ಲ. ನನಗೆ ಮೈ ಜುಂ ಎಂದಿತು. ಮುಂದಿನ ಭಾನುವಾರ ಬಿಲ್ಲು ಕೆಳಗಿಟ್ಟು ದೊಣ್ಣೆ ಹಿಡಿದೆ. ಮೇಲೆ ಬಿದ್ದು ಬಂದವರನ್ನು ತಡೆಯುವುದಕ್ಕೆ ನಮ್ಮಲ್ಲಿ ವಿರೋಧಿ ಹಿಂಸೆ ಎನ್ನುತ್ತಾರೆ, ಸಂಸಾರಿಗಳಿಗೆ ಅದಕ್ಕೆ ವಿನಾಯಿತಿ ಇದೆ. ನಿದ್ದೆಯಲ್ಲಿದ್ದವರನ್ನು ಹೊಡೆಯುವುದಕ್ಕೆ ಇಲ್ಲ. ಭಾದ್ರಪದದಲ್ಲಿ ಬರುವ ನಮ್ಮ ವ್ರತದ ಹಬ್ಬ ದಶಲಕ್ಷಣ ಪರ್ವದ ಹತ್ತು ದಿನ ದಾಳ ಮುಟ್ಟುವುದಿಲ್ಲ ಎಂದೂ ಹೇಳಿಬಿಟ್ಟೆ.

ಈಗ ನಮ್ಮ ತಂಡದ ಹಿಂದೆ ಕೈ ಕಟ್ಟಿದ ನಾಲ್ಕು ಗಾಬ್ಲಿನ್‌ಗಳು ನಡೆಯುತ್ತಿವೆ. ನಿನ್ನಿಂದಾಗಿ ಪ್ರಯಾಣ ನಿಧಾನವಾಯಿತು ಎಂದು ಉಳಿದವರ ಗೊಣಗಾಟ. ಹೋದ ವಾರ ಫೋನಿನಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ, ಮೆಚ್ಚುತ್ತಾರೆ ಎಂದುಕೊಂಡು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಟ್ಟಿ ಹಾಕೋದೂ ಅತಿಚಾರವೇ ಅಲ್ವಾ ಮಗಾ? ಅನ್ನ ನೀರು ಕೊಡದೆ ಇರೋದೂ ಅತಿಚಾರವೇ. ಅವಕ್ಕೆ ಊಟ ಯಾರು ಹಾಕ್ತಾರೆ?" ಎಂದರು. ಅತಿಚಾರ ಎಂದರೆ ಅಹಿಂಸೆಯ ವ್ರತಕ್ಕೆ ಬರುವ ದೋಷ.

ನಮ್ಮಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ.

– ಓದುಗಿ, ಡೊಂಬಿವಲಿ ಪೂರ್ವ